ಎಡಗೈಯ ವಾಚು

ವಾಚು ಓಡುತ್ತಿತ್ತು.

ಅದು ಓಡಬಾರದಿತ್ತು. ಗಂಡನ ಎಡಗೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ ರಾಜೀವಿ ಅಲ್ಲೇ ತಡೆದಳು. ಪಾರ್ಶ್ವವಾಯು ಬಡಿದು ಮಂಜಯ್ಯನ ಎಡಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಆ ವಾಚಿಗೆ ಸೆಲ್ ಇಲ್ಲ. ಕೈ ಆಡಿದರಷ್ಟೇ ಅದಕ್ಕೆ ಜೀವ. ಎರಡು ದಿನ ಆಡದಿದ್ದರೆ ಮುಳ್ಳೂ ನಿಲ್ಲುತ್ತದೆ, ತಾರೀಖೂ ನಿಲ್ಲುತ್ತದೆ. ಬೇಸಿಗೆಯಿಂದಲೂ ಹಾಗೆ ಸತ್ತುಬಿದ್ದಿದ್ದದ್ದು ನವೆಂಬರಿನ ಈ ಬೆಳಿಗ್ಗೆ ಟಿಕ್ ಟಿಕ್ ಎನ್ನುತ್ತಿತ್ತು. ಪುಟ್ಟ ಕಿಂಡಿಯಲ್ಲಿ ಆ ದಿನದ್ದೇ ತಾರೀಖು.

ಅವಳಿಗೆ ತಕ್ಷಣ ನೆನಪಾದದ್ದು ರೋಗಿಯನ್ನು ನೋಡಿಕೊಳ್ಳುವ ಬಂಗಾಳಿ ಆಯಾ ಶೆಫಾಲಿ.

ಇವಳೇ ಬಿಚ್ಚಿ ಕಟ್ಟಿಕೊಳ್ಳುತ್ತಾಳೆ. ತಾನು ಲೇಕ್ ಮಾರ್ಕೆಟ್ಟಿಗೆ ಕರಿಬೇವು, ಕೊಬ್ಬರಿಯೆಣ್ಣೆ ತರಲು ಹೋದಾಗ ಆ ಬೆವರು ಕೈಗೆ ಹಾಕಿಕೊಂಡು ಮೆರೆದು, ಬರುವಷ್ಟರಲ್ಲಿ ರೋಗಿಯ ಕೈಗೆ ಸಿಕ್ಕಿಸುತ್ತಾಳೆ. ರಾಜೀವಿಗೆ ಅಸಹ್ಯವಾಯಿತು. ಫ್ರಿಜ್ಜಿನಲ್ಲಿಟ್ಟ ಸಂದೇಶ್ ಮಿಠಾಯಿ ಖಾಲಿಯಾಗುತ್ತಿದ್ದುದೂ ಹೀಗೆಯೇ ಇರಬೇಕು.

ಅಸಹ್ಯ ಅವಳಿಗೆ ಹೊಸತಲ್ಲ. ಸದರ್ನ್ ಅವೆನ್ಯೂವಿನ ಆ ಮನೆಯಲ್ಲಿ ಈಗ ಅದೊಂದೇ ಇತ್ತು. ಡೆಟಾಲಿನಲ್ಲೂ ಅಡಗದ ಮೂತ್ರದ ವಾಸನೆ. ಗಲ್ಲಕ್ಕಂಟಿ ಒಣಗಿದ ಜೊಲ್ಲು. ದಿನಾ ಎರಡು ಸಲ ಮಲ ತೊಳೆದ ಕೈಯಲ್ಲೇ ಅನ್ನ ಕಲಸಬೇಕು. ಎಷ್ಟು ಸೋಪು ಹಚ್ಚಿದರೂ ತಟ್ಟೆಯನ್ನು ಅರ್ಧಕ್ಕೇ ದೂಡುತ್ತಿದ್ದಳು.

ಮಂಜಯ್ಯ ಬಿದ್ದದ್ದು ಅವಳು ಅವನನ್ನು ಬಿಟ್ಟು ಹೊರಡಬೇಕಿದ್ದ ವಾರ. ಬ್ಯಾಂಕಿನಲ್ಲಿ ಎಲ್ಲರಿಗೂ ನಗುಮುಖದ ಸಾಹೇಬ. ಮನೆಯಲ್ಲಿ ಉಪ್ಪು ಹೆಚ್ಚಾದರೆ ಬಟ್ಟಲನ್ನು ಅವಳ ಕಾಲ ಬಳಿ ಎಸೆಯುವವನು. ಉಡುಪಿಯಲ್ಲಿ ತಂಗಿ ಅನಸೂಯಳ ಜೊತೆ ಇದ್ದುಬಿಡುತ್ತೇನೆಂದು ರಾಜೀವಿ ಮುಖಕ್ಕೆ ಹೇಳಿ ರೈಲಿನ ಟಿಕೆಟ್ ತೆಗೆಸಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ನಿಂತು ಅದನ್ನು ರದ್ದು ಮಾಡಿಸಿದಳು. ವ್ಯಾಯಾಮ ಮಾಡಿಸಿದರೆ ಕೈಕಾಲು ಬಂದೀತು ಎಂದಿದ್ದರು ಡಾಕ್ಟರು. ಬರಲಿಲ್ಲ.

ಆ ವಾಚು ಮಗ ವಿಖ್ಯಾತ್ ತಂದದ್ದು. ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿ ಮೊದಲ ಸಲ ವಿದೇಶಕ್ಕೆ ಕಳಿಸಿದಾಗ ಅಪ್ಪನಿಗೆಂದು ಕೊಂಡಿದ್ದ. ಮಂಜಯ್ಯನಿಗೆ ಅದು ದೇವರು. ಯಾವ ತಿಂಗಳಿಗೆ ಮೂವತ್ತೇ ದಿನವೆಂದು ವಾಚಿಗೆ ಗೊತ್ತಾಗುವುದಿಲ್ಲ. ಅದು ಮೂವತ್ತೊಂದಕ್ಕೇ ಹೋಗುತ್ತದೆ, ಒಂದನೇ ತಾರೀಖಿಗೆ ನಾವೇ ಕೀಲಿ ಎಳೆದು ತಿರುಗಿಸಬೇಕು. ಒಮ್ಮೆ ರಾಜೀವಿ ಮಲಗುವ ಮುನ್ನ ತಿರುಗಿಸಹೋದಾಗ ಕೈಗೆ ಹೊಡೆದಿದ್ದ. "ರಾತ್ರಿ ಒಳಗೆ ಹಲ್ಲಿಗೆ ಹಲ್ಲು ಕಚ್ಚಿರ್ತದೆ, ಆಗ ತಿರುಗಿಸಿದ್ರೆ ಮುರೀತದೆ! ಬೆಳಿಗ್ಗೆ ಮಾಡ್ಬೇಕು. ನಿಂಗೆಂತ ಗೊತ್ತು?"

ಓಡುವ ವಾಚನ್ನು ತೋರಿಸಿ ರಾಜೀವಿ ಕೇಳಿದಾಗ, "ಮಾಶಿಮಾ, ನಾನು ಮುಟ್ಟಲಿಲ್ಲ," ಎಂದಳು ಶೆಫಾಲಿ. "ಬೇಕಾದರೆ ಅವರನ್ನೇ ಕೇಳಿ."

"ಅವರಿಗೆ ಬಾಯಿ ಬರುವ ಹಾಗಿದ್ದರೆ ನಿನ್ನ ಬಣ್ಣ ಬಯಲಾಗ್ತಿತ್ತು."

ಶೆಫಾಲಿ ಮಂಚದ ಕಡೆ ನೋಡಿದಳು. ಮಂಜಯ್ಯ ಸೂರು ನೋಡುತ್ತಿದ್ದ. ಅವಳು ಚಪ್ಪಲಿ ಮೆಟ್ಟಿ ಹೊರಟಳು, ಅಳುತ್ತ.

ಕಸ್ಬಾ ಬಡಾವಣೆಯ ತನ್ನ ಮನೆಯಿಂದ ವಿಖ್ಯಾತ್ ಫೋನಿನಲ್ಲಿ ರೇಗಿದ. "ಎಂತ ಅಮ್ಮ, ಒಂದು ವಾಚಿಗೆ ಆಯಾನ್ನ ಕಳ್ಸೋದಾ? ಇನ್ನು ಅಪ್ಪನ್ನ ಯಾರು ನೋಡೋದು?"

"ನಾನಿದ್ದೇನಲ್ಲ," ಎಂದಳು ರಾಜೀವಿ.

ಎಲ್ಲವೂ ಅವಳ ತಲೆಗೇ ಬಂತು. ಭಾರದ ದೇಹವನ್ನು ಒಬ್ಬಳೇ ಮಗ್ಗುಲು ಹೊರಳಿಸುವಾಗ ಸೊಂಟ ಕಳಚಿದಂತಾಗುತ್ತಿತ್ತು. ಪ್ರತಿ ಸಲ ಬೆಡ್‌ಪ್ಯಾನ್ ಎತ್ತುವಾಗ ಉಸಿರು ಬಿಗಿಹಿಡಿದು, ಆಮೇಲೆ ಬಚ್ಚಲಲ್ಲಿ ಓಕರಿಸುತ್ತಿದ್ದಳು. ವಾಚಿನತ್ತ ನೋಡಲೂ ಮನಸ್ಸಾಗಲಿಲ್ಲ. ಕದಿಯುವವಳು ಹೋದಳಲ್ಲ, ತಾನಾಗಿ ನಿಂತಿರುತ್ತದೆ ಎಂದುಕೊಂಡಳು.

ಡಿಸೆಂಬರ್ ಒಂದರ ಬೆಳಿಗ್ಗೆ ಬೇಸಿನ್ನಿನಲ್ಲಿ ಬಿಸಿನೀರು ತಂದು ಮಂಚದ ಪಕ್ಕ ಕೂತಳು. ಎಡಗೈ ಎತ್ತಿ ಹಿಡಿದಾಗ ಟಿಕ್ ಟಿಕ್ ಕೇಳಿಸಿತು.

ಕಿಂಡಿಯಲ್ಲಿ ಮೂವತ್ತೊಂದಲ್ಲ, ಒಂದು ಇತ್ತು.

ಯಾರೋ ಕೀಲಿ ಎಳೆದಿದ್ದರು. ಇವತ್ತೇ, ಬೆಳಕು ಹರಿದ ಮೇಲೆ, ಹಲ್ಲು ಮುರಿಯದ ಹಾಗೆ. ಮನೆಯಲ್ಲಿದ್ದವರು ಇಬ್ಬರೇ.

ರಾಜೀವಿ ಗಂಡನ ಮುಖ ನೋಡಿದಳು. ಅವನು ಸೂರಿನಿಂದ ಕಣ್ಣು ಕೀಳಲಿಲ್ಲ. ಕತ್ತಿನ ನರ ಮಾತ್ರ ಒಮ್ಮೆ ಹಾರಿತು. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಅವನ ಎದೆಯ ಮೇಲೆ ಎಸೆದು ಎದ್ದುನಿಂತಳು.

"ಇವತ್ತು ನೀವೇ ತೊಳ್ಕೊಳ್ಳಿ," ಎಂದಳು.

ಮಂಜಯ್ಯ ಹೊದಿಕೆ ಸರಿಸಿದ. ಎದ್ದು, ತುಂಬಿದ ಬೇಸಿನ್ನನ್ನು ಎಡಗೈಯಲ್ಲೇ ಎತ್ತಿಕೊಂಡು ಬಚ್ಚಲಿಗೆ ನಡೆದ.