ರಿವರ್ಸ್ ಲೈಟಿನ ಸ್ವಿಚ್ಚು

ಗೇರ್ ಆಯಿಲ್ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ರೇಗುತ್ತದೆ.

ಹಾನುಬಾಳಿನ ಏರುದಾರಿಯಲ್ಲಿ ಅಪ್ಪ ಹಳೇ ಕಾರನ್ನು ಹಿಂದಕ್ಕೆ ತೆಗೆಯುವಾಗಲೆಲ್ಲ ಅವ್ವ ಇಳಿದು, ಚಕ್ರಕ್ಕೆ ಕೊಡಲು ಕಲ್ಲು ಹಿಡಿದು, ದಾರಿ ಹೇಳುತ್ತಾ ಹಿಂದೆ ನಡೆಯಬೇಕಿತ್ತು. "ರಿವರ್ಸ್ ಲೈಟ್ ಹಾಕ್ಬುಟ್ರೆ ನೀನು ಇಳಿಯೋದೇ ಬ್ಯಾಡ" ಎಂದು ಅಪ್ಪ, ನಾವು ಆಲೂರಿಗೆ ಹೊರಟ ದಿನವೇ ಗೇರ್‌ಬಾಕ್ಸಿಗೆ ಸ್ವಿಚ್ಚು ಕೂರಿಸಲು ಕಾರಿನಡಿ ಮಲಗಿದರು. ಅಲ್ಲಿ ಬಸುರಿ ತಂಗಿಗೆ ಮಡಿಲು ತುಂಬಬೇಕಿದ್ದ ಅವ್ವ ರೇಷ್ಮೆ ಸೀರೆಯುಟ್ಟು ಜಗಲಿಯಲ್ಲಿ ಕಾದಳು. "ಇನ್ನೊಂದೇ ನಟ್ಟು ಕಣೇ" ಅನ್ನುತ್ತಲೇ ಮಧ್ಯಾಹ್ನ ಮೂರು ಗಂಟೆಯಾಯಿತು. ಮುಡಿದ ಹೂ ಬಾಡಿತು.

"ಅಲ್ಲಿ ಆರತೀನೂ ಆಗೋಯ್ತು ಕಣ್ರೀ" ಅಂದಳು ಅವ್ವ.

ಕೊನೆಗೂ ಅಪ್ಪ ನಮ್ಮನ್ನು ಹತ್ತಿಸಿಕೊಂಡು ರಿವರ್ಸ್ ಹಾಕಿದರು. ಕತ್ತು ತಿರುಗಿಸಿದರು. ಸೀಟಿನಿಂದ ದೀಪ ಕಾಣಲಿಲ್ಲ.

"ಒಂಚೂರು ಇಳ್ದು ನೋಡೇ ಮಾರಾಯ್ತಿ, ಹತ್ತೈತಾ?"

ಅವ್ವ ಇಳಿದಳು. ಹಿಂದಿನ ಚಕ್ರಕ್ಕೆ ಭದ್ರವಾಗಿ ಕಲ್ಲು ಕೊಟ್ಟು, ಮನೆಯೊಳಗೆ ಹೋಗಿ ರೇಷ್ಮೆ ಸೀರೆ ಮಡಿಸಿಟ್ಟಳು.