ನಾಲ್ಕು ಸ್ಕ್ರೂ

ಸ್ಪಾನರ್ ‘ಟಕ್’ ಎಂದಿತು. ಸ್ಕ್ರೂ ಬೇಕಾದಷ್ಟು ಬಿಗಿಯಾಯಿತು ಎಂದು ಅದರ ಅರ್ಥ. ಆದರೂ ಕಾಲ್‌ಮೇಸ್ತ್ರಿ ಅಭ್ಯಾಸಬಲದಿಂದ ಮೇಜಿನ ಮೇಲಿದ್ದ ಕೃತಕ ಕಾಲಿನ ಪಾದವನ್ನು ಹಿಡಿದು ತಿರುಚಿ ನೋಡಿದ. ಪಾದ ತಿರುಗಿತು.

ಅವನಿಗೆ ನಂಬಿಕೆಯಾಗಲಿಲ್ಲ. ಬೀರುವಿನಲ್ಲಿದ್ದ ಇನ್ನೊಂದು ಸ್ಪಾನರ್ ತಂದು ಅದೇ ಸ್ಕ್ರೂಗೆ ಹಾಕಿದ. ಮತ್ತೆ ಅರ್ಧ ಸುತ್ತು ತಿರುಗಿದ ಮೇಲೆ ಅದು ‘ಟಕ್’ ಎಂದಿತು. ಹಾಗಾದರೆ ಹಳೆಯದು ಸುಳ್ಳು ಹೇಳುತ್ತಿದೆ. ಸೋಮವಾರ ಅದು ಮೇಜಿನಿಂದ ಬಿದ್ದಿತ್ತು. ಎತ್ತಿಕೊಂಡು, ಅಂಗಿಗೆ ಒರೆಸಿ, ಕೆಲಸ ಮುಂದುವರಿಸಿದ್ದ. ಇವತ್ತು ಗುರುವಾರ. ನಿನ್ನೆ ಸಂಜೆ ಬಲಗಾಲು ಹಾಕಿಸಿಕೊಂಡು ಹೋದ ಬಣ್ಣ ಬಳಿಯುವ ಹೆಂಗಸು ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಾಯಿತು. “ನಾಳೆಯಿಂದ ಸಾರುವೆ ಹತ್ತೋದೇ ಅಣ್ಣ. ಅಂಚೆ ಕಚೇರಿ ಹಿಂದೆ ಐದಂತಸ್ತಿನ ಬಿಲ್ಡಿಂಗು. ಒಂದೂವರೆ ವರ್ಷ ಆಯ್ತು, ಮೇಲಿಂದ ಊರು ನೋಡಿ!”

ಆರು ಸಲ ಫೋನ್ ಮಾಡಿದ. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹೊಸ ಸ್ಪಾನರ್ ಜೇಬಿಗೆ ತುರುಕಿಕೊಂಡು ಬೈಕ್ ಹತ್ತಿದ. ದಾರಿಯುದ್ದಕ್ಕೂ ಸಿಕ್ಕಿದ್ದೆಲ್ಲ ಕೆಂಪು ದೀಪವೇ.

ಕಟ್ಟಡದ ಬುಡದಲ್ಲಿ ಅವಳ ಗಂಡ ಡಬ್ಬದಲ್ಲಿ ಬಣ್ಣ ಕಲಸುತ್ತಿದ್ದ. ಮೇಸ್ತ್ರಿಯನ್ನು ಕಂಡು ಅವನ ಮುಖ ಅರಳಿತು. “ಏನ್ ಮೇಸ್ತ್ರಿ, ಒಂದು ದಿನ ಆಗಿಲ್ಲ, ಆಗಲೇ ನೋಡೋಕೆ ಬಂದ್ರಾ? ಮಗಳನ್ನ ಮದುವೆ ಮಾಡಿ ಕಳಿಸಿದ ಅಪ್ಪನ ಹಾಗೆ!”

“ಅವರೆಲ್ಲಿ? ಫೋನ್ ಯಾಕೆ ಎತ್ತಲ್ಲ?”

“ಫೋನ್ ಇಲ್ಲೇ ಚೀಲದಲ್ಲಿದೆ. ಅವಳು ಅಲ್ಲಿ.” ಅವನು ಕಲಸುವ ಕೋಲಿನಿಂದ ನಾಲ್ಕನೆಯ ಮಹಡಿ ತೋರಿಸಿದ.

ಮೇಸ್ತ್ರಿ ಎರಡೇ ಮಾತಿನಲ್ಲಿ ವಿಷಯ ಹೇಳಿದ. ಕೋಲು ಬಣ್ಣದೊಳಗೆ ಬಿತ್ತು. ಹೆಂಡತಿಯನ್ನು ಕೂಗಲು ಗಂಡ ಬಾಯಿ ತೆರೆದದ್ದೇ ತಡ, ಮೇಸ್ತ್ರಿ ಅಂಗೈಯಿಂದ ಆ ಬಾಯಿ ಮುಚ್ಚಿದ. “ಕೂಗಬೇಡಪ್ಪ. ಗಾಬರಿಯಿಂದ ತಿರುಗಿದ್ರೆ ಭಾರವೆಲ್ಲ ಆ ಕಾಲ ಮೇಲೇ ಬೀಳುತ್ತೆ. ಸೇಫ್ಟಿ ಬೆಲ್ಟ್ ಹಾಕ್ಕೊಂಡಿದಾರಾ?”

“ಹಾಕ್ಕೊಂಡಿದಾಳೆ.” ಗಂಡ ಮೇಲಕ್ಕೆ ನೋಡಿದ. “ಹಾಕ್ಕೊಂಡಿರ್ತಾಳೆ.”

ಮನೆಯ ಅಟ್ಟಕ್ಕೂ ಹೆಂಡತಿಯನ್ನೇ ಹತ್ತಿಸುವ ಮೇಸ್ತ್ರಿ ನಾಲ್ಕು ಮಹಡಿಯ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಏರಿದ. ಚೌಕಟ್ಟಿಲ್ಲದ ಕಿಟಕಿಯಿಂದ ಹೊರಗೆ ಇಣುಕಿದ. ಎರಡು ಮಾರು ಆಚೆ, ಸಾರುವೆಯ ಹಲಗೆಯ ಮೇಲೆ ಅವಳು ಬೆನ್ನು ಮಾಡಿ ನಿಂತಿದ್ದಳು. ಬೆಲ್ಟ್ ಇತ್ತು. ಅದರ ಕೊಕ್ಕೆ ಮಾತ್ರ ಎಲ್ಲಿಗೂ ಸಿಕ್ಕಿಸದೆ ಸೊಂಟದಲ್ಲೇ ನೇತಾಡುತ್ತಿತ್ತು. ರೋಲರ್ ಹಿಡಿದ ಕೈಯನ್ನು ಮೂಲೆಗೆ ಚಾಚಿ, ಬಲಕ್ಕೆ ವಾಲಿ, ಮೈಭಾರವನ್ನೆಲ್ಲ ಹೊಸ ಕಾಲಿನ ಮೇಲೆ ಹೊರಿಸಿದ್ದಳು. ಏನೋ ಹಾಡು ಗುನುಗುತ್ತಿದ್ದಳು.

ಮೇಸ್ತ್ರಿ ಕಿಟಕಿಯ ಅಂಚು ಹಿಡಿದು ಮುಂದಕ್ಕೆ ಬಾಗಿದ. ಮಲಗಿದ ಮಗುವಿನ ಪಕ್ಕ ಮಾತಾಡುವಷ್ಟು ಮೆಲ್ಲಗೆ ಅಂದ: “ಅಮ್ಮಾ, ನಾನು, ಕಾಲ್‌ಮೇಸ್ತ್ರಿ. ತಿರುಗಬೇಡಿ. ಮೊದಲು ಕೊಕ್ಕೆ ಸಿಕ್ಕಿಸಿ. ಆಮೇಲೆ ಎಡಗಾಲ ಮೇಲೆ ಭಾರ ಬಿಟ್ಟು ಹಾಗೇ ಕೂತ್ಕೊಳ್ಳಿ.”

ಹಾಡು ನಿಂತಿತು. ಅವಳ ಎಡಗೈ ನಿಧಾನವಾಗಿ ಸೊಂಟಕ್ಕೆ ಹೋಯಿತು, ಕೊಕ್ಕೆ ಹುಡುಕಿತು, ತಲೆಯ ಮೇಲಿನ ಕಂಬಿಗೆ ಏರಿತು. ಮೊದಲ ಸಲ ಜಾರಿತು. ಎರಡನೆಯ ಸಲ ಹಿಡಿಯಿತು. ಆಮೇಲೆ ಸಾರುವೆಯ ಕಂಬವನ್ನು ಅಪ್ಪಿಕೊಂಡು ಹಲಗೆಯ ಮೇಲೆ ಕುಳಿತು, ತೆವಳುತ್ತ ಕಿಟಕಿಯ ಬಳಿ ಬಂದಳು. ಸೀರೆ ಸರಿಸಿ, ಕಾಲನ್ನು ಕಳಚಿ ಅವನ ಕೈಗೆ ಕೊಟ್ಟಳು.

ಪಾದ ಒಂದು ಬೆರಳಿನಷ್ಟು ಹೊರಕ್ಕೆ ತಿರುಗಿತ್ತು. ಮೇಸ್ತ್ರಿ ಅದನ್ನು ನೇರ ಮಾಡಿ ಸ್ಕ್ರೂಗಳನ್ನು ಬಿಗಿ ಮಾಡತೊಡಗಿದ. ಅವಸರದಲ್ಲಿ ಸ್ಪಾನರ್ ಎರಡು ಸಲ ತಪ್ಪಿತು. ನಾಲ್ಕೂ ಅರ್ಧರ್ಧ ಸುತ್ತು ತಿರುಗಿದವು.

“ಬೆಳಿಗ್ಗೆಯಿಂದ ಹಿಮ್ಮಡಿ ಒಳಕ್ಕೆ ಬರ್ತಾ ಇತ್ತು,” ಎಂದಳು ಅವಳು. “ಹೊಸ ಕಾಲಿಗೆ ಒಗ್ಗೋಕೆ ಸ್ವಲ್ಪ ದಿನ ಬೇಕು ಅಂದಿದ್ರಲ್ಲ ನೀವು? ನಂದೇ ತಪ್ಪು ಅಂದ್ಕೊಂಡು ಹೊಂದಿಸ್ಕೊಳ್ತಾ ಇದ್ದೆ.”

ಮೇಸ್ತ್ರಿ ತಲೆ ಎತ್ತದೆ ಎಲ್ಲ ಹೇಳಿದ: ಸ್ಪಾನರ್ ಬಿದ್ದದ್ದು, ಒರೆಸಿ ಇಟ್ಟುಕೊಂಡದ್ದು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಅನಿಸಿತು. ಕೆಳಗೆ ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತಿದ್ದ ಗಂಡನಿಗೆ ಅವಳು ರೋಲರ್ ಬೀಸಿ, ಏನೂ ಆಗಿಲ್ಲ ಎಂದು ಸನ್ನೆ ಮಾಡಿದಳು. ಮೇಸ್ತ್ರಿ ಗೋಡೆಗೆ ಒರಗಿ ಮೊದಲ ಬಾರಿಗೆ ಸರಿಯಾಗಿ ಉಸಿರಾಡಿದ.

“ಆ ಸ್ಪಾನರ್ ಬಿದ್ದ ಮೇಲೆ ಹೊರಗೆ ಹೋಗಿದ್ದು ನಂದೊಂದೇ ಕಾಲಾ ಅಣ್ಣ?”

“ಇನ್ನೂ ಮೂರು ಹೋಗಿವೆ.”

“ಅವರಿಗೆ ಹೇಳಿದ್ರಾ?”

“ಸಂಜೆಯೊಳಗೆ ಹೇಳ್ತೀನಿ. ನನಗೆ ಭಯ ಆಗಿದ್ದು ನಿಮ್ಮದೇ. ಇಷ್ಟು ಎತ್ತರ ನೋಡಿ. ಅವರೆಲ್ಲ ನೆಲದ ಮೇಲೇ ಓಡಾಡೋರು, ಅಷ್ಟು ಅಪಾಯ ಇಲ್ಲ.”

ಅವಳು ಕಾಲನ್ನು ತೊಟ್ಟುಕೊಂಡು, ಕಿಟಕಿಯ ಅಂಚು ಹಿಡಿದು ನಿಂತು, ಒಮ್ಮೆ ಒತ್ತಿ ನೋಡಿದಳು.

“ನನ್ನ ಕಾಲು ಹೋಗಿದ್ದೂ ನೆಲದ ಮೇಲೇ ಅಣ್ಣ,” ಎಂದಳು. “ರಸ್ತೆ ದಾಟ್ತಾ ಇದ್ದೆ.”