ಮಶೀನಿನ ಹಣೆ

ವಿಭೂತಿಗೆ ಎಣ್ಣೆ ತಾಗಿದ ವಾಸನೆ ಬಂದರೆ ಈಗಲೂ ನಾನು ಹಲ್ಲು ಕಚ್ಚಿಕೊಳ್ಳುತ್ತೇನೆ.

ನಮ್ಮೂರು ಕೊಣ್ಣೂರಿಗೆ ಆಗ ಕರೆಂಟು ಬಂದಿರಲಿಲ್ಲ. ಕಬ್ಬಿಣ ತಿರುಗಿಸಿ ಕೆತ್ತುವ ಅಪ್ಪನ ಲೇಥ್ ಮಶೀನಿನ ದೊಡ್ಡ ಗಾಲಿಯನ್ನು ಅವನ ತಮ್ಮ, ನಮ್ಮ ಕಾಕಾ, ಕೈಯಿಂದಲೇ ತಿರುಗಿಸುತ್ತಿದ್ದ. ಹತಾರ, ಮಶೀನುಗಳಿಗೆ ಪೂಜೆ ಮಾಡುವ ಖಂಡೇನವಮಿಯ ಮರುದಿನ ಮಧ್ಯಾಹ್ನ ಕಬ್ಬಿನ ಗಾಣದ ಅಚ್ಚೊಂದನ್ನು ಕೆತ್ತುವಾಗ, ಹತಾರ ಹಿಡಿದು ಹಿಂದೆ ಮುಂದೆ ಸರಿಯುವ ಭಾಗ ಮರಳು ಅಗಿದಂತೆ ಕರಕರ ಎಂದು ನಿಂತಿತು. ಬಿಗಿ ಹೆಚ್ಚಾಗಿದೆ ಎಂದುಕೊಂಡ ಅಪ್ಪ ಅದರ ಬದಿಯ ಸ್ಕ್ರೂಗಳನ್ನು ಸಡಿಲಿಸಿದ.

“ಅಣ್ಣಾ, ಇಷ್ಟ ಸಡ್ಲ ಬಿಡಬ್ಯಾಡ. ಹತಾರ ಕುಣಿತೈತಿ,” ಎಂದ ಕಾಕಾ.

“ನೀ ಸುಮ್ನ ಗಾಲಿ ತಿರುವು,” ಎಂದ ಅಪ್ಪ.

ಹತಾರ ಕುಣಿದು ಕಬ್ಬಿಣಕ್ಕೆ ಕಚ್ಚಿಕೊಂಡಿತು. ಅಚ್ಚು ಕಿತ್ತು ಹಾರಿ ಕಾಕಾನ ಬಾಯಿಗೆ ಬಡಿಯಿತು. ಕಬ್ಬಿಣದ ಸಿಪ್ಪೆಗಳ ನಡುವೆ ಅವನ ಹಲ್ಲುಗಳು ಉದುರಿದವು.

ರಕ್ತ ನಿಲ್ಲಿಸಲು ಅಪ್ಪನ ತಾಯಿ, ನಮ್ಮ ಆಯಿ, ವಿಭೂತಿ ಗಟ್ಟಿ ಹಿಡಿದು ಓಡಿ ಬಂದಳು. ಅಪ್ಪ ಅವಳ ಬೆರಳುಗಳನ್ನು ನೋಡಿದ. ಆಮೇಲೆ ಲೇಥಿನ ಮೇಲಿದ್ದ ಬೂದುಬಣ್ಣದ ಎಣ್ಣೆಯನ್ನು ಮುಟ್ಟಿ ನೋಡಿದ; ಬೆರಳಿಗೆ ಮರಳಿನಂಥ ಹರಳು ತಾಗಿತು. ಅವಳ ಮಣಿಕಟ್ಟು ತಿರುವಿ ಹಿಡಿದು ಕೇಳಿದ, “ನಿನ್ನಿ ಪೂಜಿಗೆ ಇದನ್ನ ಎಲ್ಲಿ ಹಚ್ಚಿದಿ, ಯವ್ವಾ?”

ಹತಾರ ಸರಿಯುವ ಹೊಳಪಿನ ಜಾಗವನ್ನೇ ಆಯಿ ತೋರಿಸಿದಳು. “ಮಶೀನಿನ ಹಣೀಗೆ, ಯಪ್ಪಾ.”

ಅಪ್ಪ ಅವಳ ಕೆನ್ನೆಗೆ ಹೊಡೆದ.

ಅಂದಿನಿಂದ ಆಯಿ ತನ್ನ ಹಣೆಗೆ ಹಚ್ಚಿಕೊಳ್ಳುವ ವಿಭೂತಿಯನ್ನೂ ಮೊದಲು ಬೆರಳುಗಳ ನಡುವೆ ತಿಕ್ಕಿ, ಹರಳು ಇದೆಯೇ ಎಂದು ನೋಡುತ್ತಿದ್ದಳು.